ನಮ್ಮ ಗದ್ದೆಗೆ ಬಂದ ಮಲ್ಲಪ್ಪನವರ ಎತ್ತು

ಬೆಳಗಾಗುವ ಹೊತ್ತಿಗೇ ನಮ್ಮ ಗದ್ದೆಯಲ್ಲಿ ಎತ್ತು ಹೂಡಿ ನಿಂತಿದ್ದವರು ಪಕ್ಕದ ಮನೆಯ ಮಲ್ಲಪ್ಪನವರು. ನಾನು ಬದುವಿನ ಮೇಲೇ ದಂಗಾಗಿ ನಿಂತುಬಿಟ್ಟೆ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲವದು. ಶನಿವಾರಸಂತೆ ಕಡೆಯ ನಮ್ಮೂರಿನಲ್ಲಿ ಸರದಿಯಂತೆ ಒಬ್ಬೊಬ್ಬರ ನಾಟಿಗೆ ಎಲ್ಲರೂ ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸವೆಂದು ಮುಯ್ಯಾಳಾಗಿ ದುಡಿಯುತ್ತಿದ್ದರು. ಹಿಂದಿನ ದಿನ ಮಲ್ಲಪ್ಪನವರ ಸರದಿ. ನಮ್ಮ ಸಸಿ ನಾಟಿಯ ಹದ ಮೀರಿ ಬಲಿಯುತ್ತಿತ್ತು. ಅರ್ಥಶಾಸ್ತ್ರ ಓದಿ ಬಂದಿದ್ದ ನಾನು ಇಮ್ಮಡಿ ಕೂಲಿಯ ಆಸೆ ತೋರಿಸಿ ಅವರ ಗದ್ದೆಗೆ ಹೊರಟಿದ್ದ ಆಳುಗಳನ್ನು ನಮ್ಮಲ್ಲಿಗೆ ಕರೆದಿದ್ದೆ. ಒಬ್ಬರೂ ಬರಲಿಲ್ಲ. ಈಗ ಎಲ್ಲರೂ ಬಂದಿದ್ದರು.

“ನಾನು ಮಾಡಿದ್ದು ನಿಮಗೆ ಗೊತ್ತಾಗಲಿಲ್ವಾ?” ಎಂದು ಮಲ್ಲಪ್ಪನವರನ್ನು ಕೇಳಿದೆ.

“ಗೊತ್ತು ಕಣಪ್ಪ. ಇವತ್ತು ನಿಮ್ಮನೆ ಸರದಿ. ಓದಿದ್ದು ಸಾಕು, ಸಸಿ ಹೊತ್ಕೊಂಡು ಬಾ.”

ಆಗ ಅವರು ನಕ್ಕರೆಂದು ನೆನಪು. ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಆದರೆ ಹೊತ್ತ ಸಸಿಯ ಕೆಸರುನೀರು ಬೆನ್ನಿಗಿಳಿದ ತಂಪಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.