ತಾರಾಬಾಯಿಯ ಬಾವಿಯಲ್ಲಿ ಸಮುದ್ರದ ಪಾಠ

ಮುಂಬೈ ಬಂದರಿನಲ್ಲಿ ಹಡಗುಗಳ ಅಡಿ ತಿಕ್ಕುತ್ತ ಅರ್ಧ ಆಯುಷ್ಯ ನೀರೊಳಗೇ ಕಳೆದ ಧರೆಪ್ಪ ೧೯೯೦ರ ಸುಮಾರಿಗೆ ತನ್ನೂರು ಉಗಾರ ಖುರ್ದಕ್ಕೆ ಮರಳಿದ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಗಾಜಿನ ಮುಖವಾಡ, ಬಾತುಕೋಳಿ ಪಾದದಂಥ ರಬ್ಬರ್ ಚಪ್ಪಲಿ ಅವನ ಗಳಿಕೆ.

"ಗ್ಯಾಸ್ ಅಂಗಡಿ ಹಾಕ್ತೀಯೇನ ಕಾಕಾ?" ಎಂದು ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಕಾಮಣ್ಣ ಕಾಡಿದ.

ಧರೆಪ್ಪನಿಗೆ ಒಂದೇ ಹಂಬಲ. ಸಮುದ್ರ ಕಾಣದ ಕಾಮಣ್ಣನಂಥ ಊರ ಹುಡುಗರಿಗೆ ಅದರೊಳಗಿನ ಲೋಕವನ್ನು ಕಲಿಸಬೇಕು. ಸಿಲಿಂಡರಿಗೆ ಗಾಳಿ ತುಂಬುವವರು ಊರಲ್ಲಿರಲಿಲ್ಲ. ಮುಖವಾಡದಲ್ಲೇ ಪಾಠ ಸಾಗಬೇಕು. ಊರ ಹೊಳೆ ಕೃಷ್ಣೆಯಲ್ಲೋ ಬರೀ ರಾಡಿ. ತಳ ಕಾಣುವ ತಿಳಿನೀರು ಇದ್ದದ್ದು ತಾರಾಬಾಯಿಯ ತೋಟದ ಮೆಟ್ಟಿಲ ಬಾವಿಯಲ್ಲಿ ಮಾತ್ರ.

ತಾರಾಬಾಯಿ ಜೈನರ ಮನೆಯ ಹಿರಿಯಳು. ಸೋಸದ ನೀರು ಗುಟುಕೂ ಕುಡಿದವಳಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ಬಾವಿಗೆ, ಮೆಟ್ಟಿಲಿಳಿದು, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಬಿಟ್ಟು ಬರುವವಳು. ಧರೆಪ್ಪ ಅಂಗಲಾಚಿದ ಮೇಲೆ ಹೂಂ ಅಂದಳು.

ಮೊದಲ ದಿನವೇ ಕಾಮಣ್ಣ ಕಟ್ಟೆಯ ಮೇಲಿಂದ ದುಡುಮ್ಮನೆ ಹಾರಿದ. ತಳದ ಕೆಸರೆಲ್ಲ ಮೇಲೆದ್ದಿತು. ತಾರಾಬಾಯಿ ಸೆರಗು ಸಿಕ್ಕಿಸಿ ಓಡಿ ಬಂದಳು.

"ಏ ಧರೆಪ್ಪಾ, ಹೊರಗ ಎಳಿ ಆ ಕ್ವಾಣನ್ನ! ಎಷ್ಟು ಜೀವ ಅದಾವ ಅದರಾಗ! ಬಾಣಂತಿ ಖೋಲ್ಯಾಗ ಹೋದಂಗ ಇಳೀಬೇಕು. ತಳಾ ಮುಟ್ಟಬಾರದು, ರಾಡಿ ಎಬ್ಬಸಬಾರದು. ಸಾಕು, ನಿನ್ನ ಸಾಲಿ ಬಂದ್!"

ಬಾವಿ ಹೋದರೆ ಪಾಠವೂ ಹೋಯಿತು. ಆದರೆ ಮುಂಬೈಯಲ್ಲಿ ಧರೆಪ್ಪನಿಗೆ ಮುಳುಗುವ ಕೆಲಸ ಹೇಳಿಕೊಟ್ಟ ಉಸ್ತಾದ ತಲೆಗೆ ಮೊಟಕಿ ಕಲಿಸಿದ್ದೂ ಇದನ್ನೇ.

"ಅಕ್ಕಾರ, ಸಮುದ್ರದ ಮೊದಲನೇ ಪಾಠನ ಇದರಿ! ಅಲ್ಲಿ ಹವಳದ ಮ್ಯಾಲ ಕಾಲಿಟ್ರ ಸಾವಿರ ಜೀವ ಸಾಯ್ತಾವ್ರಿ. ನಾ ಹೇಳಿದ್ರ ಇವರ ತಲಿಗೆ ಹತ್ತಂಗಿಲ್ಲ. ನೀವ ಕಟ್ಟಿ ಮ್ಯಾಲ ಕುಂತು ಕಲಸ್ರಿ."

"ಹವಳಕ್ಕ ಜೀವ?" ತಾರಾಬಾಯಿಯ ಕೈ ಕೊರಳ ಹವಳದ ಸರಕ್ಕೆ ಹೋಯಿತು.

"ಸಣ್ಣ ಜೀವಗೋಳು ಕಟ್ಟಿದ ಗೂಡರಿ ಅದು."

"ಅಯ್ಯ ಮೂಳಾ, ಮದವಿ ದಿನದಿಂದ ಹಾಕ್ಕೊಂಡೀನಿ!" ಸರ ಕಳಚಿ, ಎಲ್ಲಿಡಬೇಕೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು ಕುಳಿತಳು. ಹೊರಗೆ ಬಂದ ಕಾಮಣ್ಣ ನಕ್ಕ. ಆಕೆ ದುರುಗುಟ್ಟಿ ನೋಡಿದ್ದೇ ತಡ, ಅವನು ಮೆಟ್ಟಿಲಿಳಿದು ಅಲೆ ಏಳದಂತೆ ನೀರು ಸೇರಿದ.

"ಹಾಂ, ಹಂಗ! ಧರೆಪ್ಪಾ, ಸಾಲಿ ನಡೀಲಿ. ಇನ್ನ ಯಾವುದಕ್ಕ ಜೀವ ಐತಿ, ಎಲ್ಲಾ ಹೇಳು. ಮುತ್ತಿಗೆ?"

ಧರೆಪ್ಪ ಆಕೆಯ ಮೂಗಿನ ಮುತ್ತಿನ ನತ್ತನ್ನು ನೋಡಿದ. ಬಾವಿಯನ್ನೂ ನೋಡಿದ.

"ಅದು ಮುಂದಿನ ವರ್ಷದ ಪಾಠರಿ, ಅಕ್ಕಾರ," ಎಂದವನೇ ಮುಖವಾಡ ಏರಿಸಿಕೊಂಡು ನೀರೊಳಗೆ ಮರೆಯಾದ.