ಎಡ್ಸಾಳ ನಲವತ್ತನೇ ಹುಟ್ಟುಹಬ್ಬ

ಲಿಗಾಯಾ ಮಗಳನ್ನು ಹೆತ್ತದ್ದು ಮನಿಲಾದಲ್ಲಿ, ಸರ್ವಾಧಿಕಾರಿ ಹೆಲಿಕಾಪ್ಟರ್ ಹತ್ತಿ ಓಡಿಹೋದ ರಾತ್ರಿ. ಎಂಬತ್ತಾರರ ಫೆಬ್ರವರಿ. ಎಡ್ಸಾ ಅನ್ನುವ ಹೆದ್ದಾರಿಯ ತುಂಬ ಅವನನ್ನು ಇಳಿಸಲು ಬಂದ ಜನವೋ ಜನ. ಟ್ಯಾಂಕುಗಳ ಮುಂದೆ ಸನ್ಯಾಸಿನಿಯರು ಮಂಡಿಯೂರಿ ಕೂತಿದ್ದರು. ಪಕ್ಕದ ಮನೆಯ ನೆಸ್ಟೋರ್ ಎಲ್ಲಿಂದಲೋ ಒಂದು ಜೀಪು ಹೊಂದಿಸಿ, ಆ ಜನರ ನಡುವೆಯೇ ದಾರಿ ಬಿಡಿಸಿಕೊಂಡು ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದ. ಗಂಡ ಸೌದಿಗೆ ದುಡಿಯಲು ಹೋಗಿ ಅಲ್ಲೇ ಕಳೆದುಹೋಗಿದ್ದ. ಹಾಗಾಗಿ ಕೂಸಿಗೆ ಹೆಸರಿಟ್ಟವನೂ ನೆಸ್ಟೋರನೇ.

"ಎಡ್ಸಾ ಅಂತ ಕರಿ ಅಕ್ಕಾ. ಇವಳನ್ನ ಕೂಗಿದಾಗೆಲ್ಲ ಈ ದಿನ ನೆನಪಾಗ್ಲಿ."

ಆ ಎಡ್ಸಾ ನರ್ಸ್ ಆದಳು, ಜರ್ಸಿ ಸಿಟಿಗೆ ಬಂದಳು, ತಾಯಿಯನ್ನೂ ಕರೆಸಿಕೊಂಡಳು. ಕೋವಿಡ್ಡಿನ ಮೊದಲ ವರ್ಷ ಕಸದ ಚೀಲ ಕತ್ತರಿಸಿ ಮೈಗೆ ಸುತ್ತಿಕೊಂಡು ರೋಗಿಗಳ ನಡುವೆ ಓಡಾಡಿದಳು, ಸತ್ತಳು. ಹೊರಗೆ ಜನ ಕಿಟಕಿಯಲ್ಲಿ ನಿಂತು ಪಾತ್ರೆ ಬಡಿದು ವೀರರು ಅಂತ ಹೊಗಳುತ್ತಿದ್ದರು. ಒಳಗೆ ಮಾಸ್ಕಿಗೇ ಗತಿಯಿರಲಿಲ್ಲ. ಅಂತ್ಯಕ್ರಿಯೆಗೆ ಯಾರನ್ನೂ ಬಿಡಲಿಲ್ಲ. ಬೂದಿ ಬಂತು, ಡಬ್ಬಿಯಲ್ಲಿ. ನಾಲ್ಕು ಜನ ಸೇರಿದ ಕಡೆ ಅವಳ ಹೆಸರನ್ನು ಒಂದು ಸಲ ಗಟ್ಟಿಯಾಗಿ ಕೂಗಿಸಬೇಕು. ಲಿಗಾಯಾಳಿಗೆ ಉಳಿದದ್ದು ಇದೊಂದೇ ಆಸೆ.

ಈಗ ಅವಳ ಕೆಲಸ ಹತ್ತಿರದ ಜ್ಯಾಕ್ಸನ್ ಹೈಟ್ಸಿನಲ್ಲಿ, ಶಿವಗಂಗಮ್ಮ ಎಂಬ ಧಾರವಾಡದ ಕಡೆಯ ಮುದುಕಿಯ ಆರೈಕೆ. ಗೋಕಾಕ್ ಚಳವಳಿಯಲ್ಲಿ ಲಾಠಿ ತಿಂದಿದ್ದ ಮುದುಕಿಯ ಮೊಣಕಾಲು ಈಗ ಪೂರ್ತಿ ಕೈಕೊಟ್ಟಿತ್ತು. ಇಬ್ಬರದೂ ಹರಕು ಇಂಗ್ಲಿಷು, ನಡುನಡುವೆ ಒಬ್ಬಳ ಕನ್ನಡ, ಇನ್ನೊಬ್ಬಳ ತಗಲಾಗ್. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

ಫಿಲಿಪೀನ್ಸಿನವರು ಹುಟ್ಟುಹಬ್ಬಕ್ಕೆ ಪಾನ್ಸಿತ್ ಮಾಡುತ್ತಾರೆ, ಉದ್ದುದ್ದ ನೂಡಲ್ಸು. ಅದನ್ನು ಕತ್ತರಿಸುವಂತಿಲ್ಲ, ಕತ್ತರಿಸಿದರೆ ಆಯುಸ್ಸು ಕತ್ತರಿಸಿದಂತೆ. ಸತ್ತ ಮಗಳಿಗೂ ಲಿಗಾಯಾ ಪ್ರತಿ ವರ್ಷ ಮಾಡುತ್ತಿದ್ದಳು. ಶಿವಗಂಗಮ್ಮನಿಗೆ ಹಂದಿ, ಸಿಗಡಿ ತಾಕದ ಬೇರೆ ಪಾತ್ರೆ. ಬರೀ ಕ್ಯಾಬೇಜು, ಗಜ್ಜರಿ.

"ಏ ಲಿಗಾಯವ್ವಾ, ಹಲ್ಲಿಲ್ಲದ ಬಾಯಾಗ ಈ ಹಗ್ಗ ಹ್ಯಾಂಗ ನುಂಗಲಿ? ಕತ್ತರಿಸಿ ಕೊಡಬೇ."

"ಆಗೋದಿಲ್ಲ ಅವ್ವಾ. ಎಳ್ಕೊಂಡು ತಿನ್ನಿ."

ಮುದುಕಿ ಬೈಯುತ್ತಲೇ ಸೊರ್ರನೆ ಎಳೆಯುತ್ತಿದ್ದಳು.

ಈ ಫೆಬ್ರವರಿಗೆ ಎಡ್ಸಾ ಬದುಕಿದ್ದರೆ ನಲವತ್ತು. ಲಿಗಾಯಾ ವುಡ್‌ಸೈಡಿನ ಚರ್ಚಿನ ನೆಲಮಾಳಿಗೆಯ ಹಾಲ್ ಕೇಳಿದಳು. ಹಾಲ್ ನೋಡಿಕೊಳ್ಳುವವನು ಅದೇ ನೆಸ್ಟೋರ್, ಅವನೂ ವಲಸೆ ಬಂದು ಇಲ್ಲೇ ನೆಲೆಸಿದ್ದ. ಈಗ ಅವನಿಗೆ ಹೊಟ್ಟೆ ಬಂದಿದೆ, ತಲೆಗೂದಲಿಗೆ ಬಣ್ಣ ಬಂದಿದೆ.

"ಹಾಲ್ ತಗೋ ಅಕ್ಕಾ. ಫಾದರ್ ಬಂದು ಪ್ರಾರ್ಥನೆ ಮಾಡ್ತಾರೆ. ಆ ಹೆಸರು ಮಾತ್ರ ಬೇಡ."

"ನನ್ನ ಮಗಳ ಹೆಸರು ಬೇಡ್ವಾ?"

"ಓಡಿಹೋದವನ ಮಗನೇ ಈಗ ಅಲ್ಲಿ ಅಧ್ಯಕ್ಷ. ಇಲ್ಲಿ ಅರ್ಧ ಜನ ಅವನ ಕಡೆ. ಹೋದ ವರ್ಷ ಇದೇ ಮಾತಿಗೆ ಹಾಲಲ್ಲಿ ಕುರ್ಚಿ ಹಾರಾಡಿದ್ವು. 'ನಮ್ಮ ಪ್ರೀತಿಯ ನರ್ಸ್' ಅಂತ ಬ್ಯಾನರ್ ಬರೆಸೋಣ. ಯಾರಿಗೂ ತೊಂದರೆಯಿಲ್ಲ."

"ಹೆಸರಿಟ್ಟವನು ನೀನೇ ಕಣೋ."

"ಆಗ ನಂಗೆ ಇಪ್ಪತ್ತು ವರ್ಷ. ಟ್ಯಾಂಕಿನ ಮುಂದೆ ನಿಂತಿದ್ದೂ ನಿಜ. ಏನು ಕಿತ್ಕೊಂಡ್ವಿ ಹೇಳು?"

ಲಿಗಾಯಾ ಹೂಂ ಅಂದು ಬಂದಳು. ಕೇಳಿದ ಶಿವಗಂಗಮ್ಮ ಉರಿದುಬಿದ್ದಳು.

"ಹೆಸರಿಲ್ಲದ ಕೂಸಿಗೆ ಎಂಥಾ ಹುಟ್ಟಿದ ಹಬ್ಬ? ಎದ್ದು ನಿಂತು ನೀನೇ ಕೂಗು. ಅಂವಾ ಏನ್ ಬಾಯಿ ಹೊಲೀತಾನೇನು?"

"ಕೂಗ್ತೀನಿ ಅವ್ವಾ. ಪ್ರಾರ್ಥನೆ ಮುಗಿದ ಕೂಡಲೇ."

ಹಾಲ್ ತುಂಬಿತ್ತು. ಫಾದರ್ "ನಮ್ಮ ಈ ಮಗಳ ಆತ್ಮಕ್ಕೆ" ಅಂತ ಪ್ರಾರ್ಥಿಸಿದರು. ಹುಟ್ಟುಹಬ್ಬದ ಹಾಡೂ ಆಯಿತು. ಹೆಸರು ಬರುವ ಜಾಗದಲ್ಲಿ ಒಬ್ಬೊಬ್ಬರೂ ಏನೋ ಗುನುಗಿ ದಾಟಿಸಿದರು. ಲಿಗಾಯಾ ಎದ್ದು ನಿಂತಳು. ಮುಖಗಳೆಲ್ಲ ಅವಳತ್ತ ತಿರುಗಿದವು. ಅವಳ ಹಾಗೆಯೇ ಕಂಡವರ ಮನೆಯ ಮುದುಕರ ಮೈ ತೊಳೆದು ಬದುಕುವ ಹೆಂಗಸರು. ಕೋವಿಡ್ಡಿನಲ್ಲಿ ಬಾಗಿಲಿಗೆ ಗಂಜಿ ಇಟ್ಟುಹೋದವರು. ನಾಳೆ ಅವಳು ಸತ್ತರೆ ಹೆಣಕ್ಕೆ ಹೆಗಲು ಕೊಡಬೇಕಾದವರೂ ಇವರೇ, ಬೇರೆ ಯಾರಿದ್ದಾರೆ? ನೆಸ್ಟೋರ್ ನೆಲ ನೋಡುತ್ತಿದ್ದ.

ಅವಳು ಬಾಯಿ ತೆರೆದಳು.

"ಎಲ್ಲರೂ ಊಟ ಮಾಡಿ," ಅಂದಳು.

ಮಾಡಿದರು. ಒಂದೆಳೆಯನ್ನೂ ಕತ್ತರಿಸದೆ, ಪಾನ್ಸಿತ್ ಭಾಳ ಚೆನ್ನಾಗಿದೆ ಅಂತ ಹೊಗಳುತ್ತ ತಿಂದರು.

ಟ್ರೈನು ಹಿಡಿದು ವಾಪಸು ಬಂದಾಗ ಶಿವಗಂಗಮ್ಮ ಬಾಗಿಲ ಕಡೆಯೇ ಕಣ್ಣಿಟ್ಟು ಕೂತಿದ್ದಳು.

"ಕೂಗಿದ್ರೇನು?"

"ಇಲ್ಲ."

"ಅವರು ಹಾಳಾಗಿ ಹೋಗ್ಲಿ. ನೀನು?"

ಲಿಗಾಯಾ ಕೋಟು ಬಿಚ್ಚಿಟ್ಟಳು. ಬೆಳಿಗ್ಗೆ ಬೇರೆ ಎತ್ತಿಟ್ಟಿದ್ದ ಪಾತ್ರೆ ತೆಗೆದಳು, ಬಿಸಿ ಮಾಡಿದಳು, ತಟ್ಟೆಗೆ ಬಡಿಸಿ ಮುದುಕಿಯ ಹತ್ತಿರ ತಂದಿಟ್ಟಳು. ಆಮೇಲೆ ಡ್ರಾಯರಿನಿಂದ ಕತ್ತರಿ ತೆಗೆದು ಅಡ್ಡಡ್ಡ ಕತ್ತರಿಸತೊಡಗಿದಳು.

ಶಿವಗಂಗಮ್ಮ ಗಾಬರಿಯಾಗಿ ಅವಳ ಕೈ ಹಿಡಿದಳು. "ಬ್ಯಾಡಬೇ, ಬ್ಯಾಡ. ನಾ ಎಳ್ಕೊಂಡೇ ತಿಂತೀನಿ."

ಲಿಗಾಯಾ ಕೈ ಬಿಡಿಸಿಕೊಂಡಳು. ತಟ್ಟೆಯಲ್ಲಿದ್ದದ್ದು ನುಚ್ಚಿನಷ್ಟು ಸಣ್ಣಗಾಗುವವರೆಗೂ ಕತ್ತರಿಸಿ, ಚಮಚ ಇಟ್ಟು ಮುಂದೆ ತಳ್ಳಿದಳು.

"ತಿನ್ನಿ ಅವ್ವಾ," ಅಂದಳು. "ಇನ್ನು ನುಂಗೋದು ಸುಲಭ."