ರಾಜೀವಿಯ ತೆಮುಜಿನ ಪುರಾಣ

ಮುಂದೆ ಚೆಂಗೀಸ್ ಖಾನ್ ಎಂದು ಹೆಸರಾಗಿ ಅರ್ಧ ಪ್ರಪಂಚವನ್ನು ಕುದುರೆಯ ಗೊರಸಿನಡಿ ಹಾಕಿ ತುಳಿದ ತೆಮುಜಿನನಿಗೆ ಹಾಲೆಂಡಿನ ಆಮರ್ಸ್‌ಫೋರ್ಟಿನಲ್ಲಿ ಹೋಳಿಗೆ ಊಟ ಹಾಕಿಸಿ ಮದುವೆ ಮಾಡಿಸಿದವಳು ರಾಜೀವಿ. ನಂಬದಿದ್ದರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ. ೧೯೯೮ರ ಮಾರ್ಚಿನಲ್ಲಿ ಆ ಹೋಳಿಗೆ ತಿಂದವರು ಮೂವತ್ತೆರಡು ಮಂದಿ. ಹೂರಣದ ಬೇಳೆ ಸರಿಯಾಗಿ ಬೆಂದಿರಲಿಲ್ಲ ಎಂಬ ದೂರು ಅವರಲ್ಲಿ ಕೆಲವರಿಗೆ ಈಗಲೂ ಇದೆ.

ರಾಜೀವಿ ಉಡುಪಿ ಕಡೆಯವಳು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆ ತಲೆ ಕೆಡುತ್ತದೆ ಎಂದು ಹೆದರಿದ ಒಂದು ಡಚ್ ಕಂಪನಿ ಅವಳ ಗಂಡ ಸಂಕಪ್ಪನನ್ನು ಕರೆಸಿಕೊಂಡಿತ್ತು. ಬೆಳಿಗ್ಗೆ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಹೋದರೆ ಆಸಾಮಿ ಬರುವುದು ಸಂಜೆಗೆ. ಬಂದ ಮೇಲೂ ಬಾಯಿಂದ ಹತ್ತು ಮಾತು ಉದುರಿದರೆ ಮನೆಯಲ್ಲಿ ಹಬ್ಬ. ರಾಜೀವಿಯ ವಾಸದ ಪರವಾನಗಿಯಲ್ಲಿ ಮಾತ್ರ ಕೆಲಸ ಮಾಡಕೂಡದು ಎಂದು ಮುದ್ರೆ ಒತ್ತಿದ್ದರು. ಮಂಗಳೂರಿನ ಹೈಸ್ಕೂಲಿನಲ್ಲಿ ಎಂಟು ವರ್ಷ ಚರಿತ್ರೆ ಪಾಠ ಮಾಡಿ, ಪಾಣಿಪತ್ ಕದನಗಳ ಇಸವಿ ತಪ್ಪಿದವರ ಕಿವಿ ಹಿಂಡಿದ ಕೈ ಅದು. ಸುಮ್ಮನೆ ಕೂರು ಎಂದರೆ ಕೂರುತ್ತದೆಯೇ?

ಮಗಳು ಸಂಪ್ರೀತಾ, ಎಂಟು ವರ್ಷ. ತುಳುವಿನಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುವ ಜಾತಿ. ಇವಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡಿ. ಅವಳು ಸಂಕಪ್ಪನಿಗೆ ಹುಟ್ಟಿದವಳಲ್ಲ. ರಾಜೀವಿಯ ಮೊದಲ ಗಂಡ ದುಬಾಯಿಯಲ್ಲಿದ್ದ. ರಜೆಗೆ ಬಂದು ಹೋದವನಿಗೆ ಬಸುರಿನ ಸುದ್ದಿ ಮುಟ್ಟಿದಾಗ ಬೆರಳು ಮಡಿಸಿ ತಿಂಗಳು ಎಣಿಸಿದ, ಲೆಕ್ಕ ಕೂಡುವುದಿಲ್ಲ ಎಂದ, ತಿರುಗಿ ಬರಲಿಲ್ಲ. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮಹಾಶಯ! ಅಪ್ಪನ ಜಾಗದಲ್ಲಿ ಕೂರುವವರಿಲ್ಲದೆ ಮಗುವಿಗೆ ನಾಮಕರಣವೇ ಆಗಲಿಲ್ಲ. ಎರಡು ವರ್ಷ ಎಲ್ಲರೂ ಅವಳನ್ನು ತುಳುವಿನಲ್ಲಿ ಬರೀ ‘ಬಾಲೆ’ ಎಂದೇ ಕರೆದರು, ಎಂದರೆ ಮಗು. ಆಮೇಲೆ ಸಂಕಪ್ಪ ರಾಜೀವಿಯನ್ನು ಮದುವೆಯಾದ. ಮರುದಿನವೇ ಹರಿವಾಣದಲ್ಲಿ ಅಕ್ಕಿ ಹರಡಿಸಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಉಂಗುರದಿಂದ ಸಂಪ್ರೀತಾ ಎಂದು ಬರೆದ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಇದು ನಮಗೆ ಗೊತ್ತು. ಹಾಲೆಂಡಿನ ಕನ್ನಡ ಬಳಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಇಲ್ಲಿಯೂ ಬೆರಳು ಮಡಿಸುವವರು ಹುಟ್ಟಿಕೊಳ್ಳುತ್ತಾರೆ, ಮಗಳ ಎದುರಿಗೇ ಎಣಿಸುತ್ತಾರೆ ಎಂದು ರಾಜೀವಿಗೆ ಭಯ. ಮಗಳಿಗೇ ಹೇಳಿರಲಿಲ್ಲ. ಇನ್ನೂ ಚಿಕ್ಕವಳು, ಮುಂದಿನ ವರ್ಷ ಹೇಳಿದರಾಯಿತು ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದಳು.

ಬಳಗ ತಿಂಗಳಿಗೊಂದು ಭಾನುವಾರ ಆಮರ್ಸ್‌ಫೋರ್ಟಿನ ಬಡಾವಣೆಯ ಹಾಲ್ ಒಂದರಲ್ಲಿ ಸೇರುತ್ತಿತ್ತು. ಗ್ರೋನಿಂಗನ್ನಿನಿಂದ, ಹಾರ್ಲೆಮ್ಮಿನಿಂದ ರೈಲು ಹಿಡಿದು ಡಬ್ಬಿಗಳೊಂದಿಗೆ ಬರುತ್ತಿದ್ದರು. ಬಿಸಿಬೇಳೆಬಾತ್ ಮುಗಿದು ಕಾಫಿ ಬರುವ ತನಕದ ಒಂದು ಗಂಟೆಯಲ್ಲಿ ಗಂಡಸರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಕಾರ್ಯದರ್ಶಿ ರುದ್ರಪ್ಪ, ಹುಬ್ಬಳ್ಳಿಯವನು, ಆ ಹೊತ್ತಿಗೆ ತನ್ನ ಪ್ಯಾರಿಸ್ ಪ್ರವಾಸದ ಸ್ಲೈಡುಗಳನ್ನು ಮೂರು ತಿಂಗಳು ತೋರಿಸಿದ. ಗೊರಕೆ ಹೆಚ್ಚಾಯಿತು. ಜನವರಿಯಲ್ಲಿ ರಾಜೀವಿ ತಾನು ಬರೆದದ್ದೊಂದು ಓದುತ್ತೇನೆ ಎಂದು ಎದ್ದು ನಿಂತಳು. ಮುಷ್ಟಿಯಲ್ಲಿ ರಕ್ತದ ಗಡ್ಡೆ ಹಿಡಿದುಕೊಂಡು ಹುಟ್ಟಿದ ಮಗುವಿನಿಂದ ಶುರು ಮಾಡಿದಳು. ಗೊರಕೆ ನಿಂತಿತು.

ಅಲ್ಲಿನ ಊರ ಗ್ರಂಥಾಲಯದಲ್ಲಿ ಅವಳಿಗೆ ತೆಮುಜಿನನ ಬಗ್ಗೆ ಇಂಗ್ಲಿಷಿನ ದಪ್ಪ ಪುಸ್ತಕವೊಂದು, ಡಚ್ಚಿನ ಮಕ್ಕಳ ಚಿತ್ರಪುಸ್ತಕವೊಂದು ಸಿಕ್ಕಿದ್ದವು. ದಪ್ಪದ್ದರಿಂದ ಇಸವಿ ತೆಗೆದಳು, ತೆಳುವಿನದರಿಂದ ಕುದುರೆ ತೆಗೆದಳು, ಉಳಿದದ್ದನ್ನೆಲ್ಲ ಉಡುಪಿಯಿಂದ ತಂದಳು. ಹೀಗಾಗಿ ತೆಮುಜಿನನ ತಾಯಿ ಮೀನು ಮಾರುಕಟ್ಟೆಯಲ್ಲಿ ಕಲಿತ ಧಾಟಿಯಲ್ಲಿ ಬೈಯುತ್ತಿದ್ದಳು. ಮೈಸೂರಿನ ಅನಸೂಯಮ್ಮ, ಹಾರ್ಲೆಮ್ಮಿನ ಮಗನ ಮನೆಗೆ ಬಂದು ನೆಲೆಸಿದ್ದ ಹಿರಿಯರು, ಆ ಜನ ಏನು ಊಟ ಮಾಡುತ್ತಿದ್ದರು ಎಂದು ಕೇಳಿದಾಗ ರಾಜೀವಿ ಮುಖ ಗಂಭೀರ ಮಾಡಿಕೊಂಡು ಮೊಸರು ಎಂದಳು. ಆಮೇಲೆ ಬೇಟೆಗೆ ಹೊರಟ ಮಂಗೋಲರು ಊಟಕ್ಕೆ ಕೂರುವ ಮೊದಲೇ ಪ್ರತಿ ಸಲ ಅಧ್ಯಾಯ ಮುಗಿದುಹೋಗುತ್ತಿತ್ತು.

ಅದನ್ನು ಪುರಾಣ ಮಾಡಿದವರು ಅನಸೂಯಮ್ಮನೇ. ಅವರ ಮನೆಯಲ್ಲಿ ಪುರಾಣ ಓದಿಸುವಾಗ ಮದುವೆಯ ಅಧ್ಯಾಯ ಬಂದ ದಿನ ಸಿಹಿ ಮಾಡುವುದು, ಮಗು ಹುಟ್ಟಿದ ದಿನ ತೊಟ್ಟಿಲು ತೂಗುವುದು ವಾಡಿಕೆ. ಕೇಳಿಸಿಕೊಂಡು ಬಾಯಿ ಒರೆಸಿಕೊಂಡು ಎದ್ದುಹೋದರೆ ಕತೆಗೆ ಅವಮಾನ ಎಂದರು. ಸರಿ, ತೆಮುಜಿನ್ ಮತ್ತು ಬೋರ್ತೆಯರ ಮದುವೆಯ ದಿನ ಹೋಳಿಗೆಯಾಯಿತು. ಅರ್ಧ ಜನ ಹೆಣ್ಣಿನ ಕಡೆ, ಅರ್ಧ ಜನ ಗಂಡಿನ ಕಡೆ. ಗಂಡಿನ ಕಡೆಯ ಹಿರಿಯನಾಗಿ ರುದ್ರಪ್ಪ ಪೇಟ ಸುತ್ತಿ ಕೂತ. ಕತೆಯಲ್ಲಿ ಬೋರ್ತೆಯ ತವರಿನಿಂದ ಬಂದ ತುಪ್ಪಳದ ಕೋಟಿನ ಬದಲಿಗೆ ಯಾರೋ ಸಂತೆಯಲ್ಲಿ ಕೊಂಡ ಹಳೇ ಕೋಟನ್ನು ಹೊದಿಸಿಕೊಂಡು ಬೆವರಿದ. ಆರತಿಯ ಕರ್ಪೂರದ ಹೊಗೆಗೆ ಕಟ್ಟಡದ ಬೆಂಕಿ ಗಂಟೆ ಬಡಿದುಕೊಂಡಿತು. ಓಡಿ ಬಂದ ಮೇಲ್ವಿಚಾರಕನಿಗೆ ಮದುವೆ ಯಾರದ್ದು ಎಂದು ವಿವರಿಸುವುದರಲ್ಲಿ ಕಾಫಿ ಆರಿತು.

ಏಪ್ರಿಲಿನಲ್ಲಿ ಮೆರ್ಕಿತ್ ಎಂಬ ಬುಡಕಟ್ಟಿನವರು ನುಗ್ಗಿ ಬೋರ್ತೆಯನ್ನು ಹೊತ್ತೊಯ್ದರು. ತೆಮುಜಿನ್ ಮಹಾವೀರ ಏನು ಮಾಡಿದ? ಕುದುರೆ ಹತ್ತಿ ಬೆಟ್ಟಕ್ಕೆ ಓಡಿಹೋದ. ರಾಜೀವಿ ಅದನ್ನು ಮುಚ್ಚಲಿಲ್ಲ. ಜಗತ್ತನ್ನು ಗೆದ್ದವನು ಮೊದಲು ಹೆಂಡತಿಯನ್ನು ಬಿಟ್ಟು ಓಡಿದವನು ಎಂದು ಸ್ಪಷ್ಟವಾಗಿ ಓದಿದಳು. ಗಂಡಿನ ಕಡೆಯವರಿಗೆ ಅವಮಾನವಾಯಿತು. ಮೇ ತಿಂಗಳಲ್ಲಿ ಅವನು ಗೆಳೆಯನ ಕಾಲು ಹಿಡಿದು, ತಂದೆಯ ಸ್ನೇಹಿತನ ಕಾಲು ಹಿಡಿದು, ದಂಡು ಕೂಡಿಸಿ, ಹೋಗಿ ಬಿಡಿಸಿಕೊಂಡು ಬಂದ. ಅವನ ಮೊದಲ ಯುದ್ಧವೇ ಅದು. ಆ ಸಾಮ್ರಾಜ್ಯಕ್ಕೆಲ್ಲ ಅಲ್ಲಿಂದಲೇ ಶುರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಕೊನೆಯ ಸಾಲು ಬೋರ್ತೆ ಬಸುರಿ ಎಂದು ಬಂದದ್ದೇ ಚಪ್ಪಾಳೆ ಅರ್ಧಕ್ಕೆ ನಿಂತಿತು.

ರುದ್ರಪ್ಪ ಬಲಗೈ ಎತ್ತಿ ಬೆರಳು ಮಡಿಸತೊಡಗಿದ. ಹೊತ್ತೊಯ್ದದ್ದು ಯಾವಾಗ, ಬಿಡಿಸಿದ್ದು ಯಾವಾಗ. ಕಿರುಬೆರಳಿನಿಂದ ಹೆಬ್ಬೆರಳಿಗೆ ಬಂದು, ಮತ್ತೆ ಕಿರುಬೆರಳಿಗೆ ಹೋದ.

“ಲೆಕ್ಕ ಕೂಡೂದಿಲ್ಲರೀ ರಾಜೀವಿಯವ್ರ” ಎಂದ. “ಮುಂದಿನ ಸಲ ಸರಿ ಮಾಡ್ಕೊಂಡ್ ಬರ್ರಿ.”

ರಾಜೀವಿ ಹಾಳೆಗಳನ್ನು ಚೀಲಕ್ಕೆ ಹಾಕಿದಳು. ಅದೇ ಮಾತು, ಅದೇ ಬೆರಳು. ಸಂಪ್ರೀತಾ ಮೂಲೆಯಲ್ಲಿ ಬಣ್ಣ ಹಚ್ಚುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಅನಸೂಯಮ್ಮ ಪಕ್ಕಕ್ಕೆ ಕರೆದು ಒಳ್ಳೆಯ ಮಾತಿನಲ್ಲೇ ಬುದ್ಧಿ ಹೇಳಿದರು: ಒಂದು ಸಾಲು ಸೇರಿಸಿಬಿಡು, ಅವಳು ಹುಲ್ಲುಕಡ್ಡಿ ಅಡ್ಡ ಇಟ್ಟುಕೊಂಡು ಕೂತಿದ್ದಳು, ಯಾರೂ ಮುಟ್ಟಲಿಲ್ಲ ಎಂದು. ಮಂಗೋಲಿಯದಲ್ಲಿ ಹುಲ್ಲಿಗೇನು ಬರವೇ, ಹಾಗೆ ಬರೆಯಬಹುದಿತ್ತು. ರುದ್ರಪ್ಪನಾದರೋ, ಸರಿ ಮಾಡದಿದ್ದರೆ ತೊಟ್ಟಿಲೂ ಇಲ್ಲ, ಪುರಾಣವೂ ಇಲ್ಲ, ತನ್ನ ಬಳಿ ರೋಮಿನ ಸ್ಲೈಡುಗಳಿವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಆ ತಿಂಗಳೆಲ್ಲ ರಾಜೀವಿ ಹಾಲು ಉಕ್ಕಿಸಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಧ್ಯಾಯವನ್ನು ಎರಡು ರೀತಿ ಬರೆದಳು. ಒಂದರಲ್ಲಿ ಮಗು ತೆಮುಜಿನನದೇ ಎಂದು ಖಂಡಿತ. ಇನ್ನೊಂದರಲ್ಲಿ ಯಾರದ್ದೋ ಗೊತ್ತಿಲ್ಲ, ತೆಮುಜಿನನಿಗೂ ಗೊತ್ತಿಲ್ಲ, ಅವನು ಎತ್ತಿಕೊಂಡ, ಅಷ್ಟೆ. ಮೊದಲನೆಯದನ್ನು ಓದಿದರೆ ಎಲ್ಲರೂ ಖುಷಿಯಾಗಿ ಕಾಫಿ ಕುಡಿಯುತ್ತಾರೆ. ಎರಡನೆಯದನ್ನು ಓದಿದರೆ ಈ ಹೆಂಗಸಿಗೆ ಯಾಕಿಷ್ಟು ಹಟ ಎಂದು ಯಾರಾದರೂ ಯೋಚಿಸುತ್ತಾರೆ. ಯೋಚಿಸಿದವರು ಕೇಳುತ್ತಾರೆ, ಕೇಳಿದರೆ ಸಂಪ್ರೀತಾಳ ಕಿವಿಗೆ ಬೀಳುತ್ತದೆ. ತನ್ನ ಹೊಟ್ಟೆಯ ಮಗುವನ್ನು ಉಳಿಸಿಕೊಳ್ಳಲು ಬೋರ್ತೆಯ ಮಗುವನ್ನು ಬಿಟ್ಟುಕೊಡುವುದು ಎಷ್ಟು ಹೇಡಿತನವೆಂದು ಅವಳಿಗೆ ಗೊತ್ತಿತ್ತು. ತೆಮುಜಿನ್ ಬೆಟ್ಟಕ್ಕೆ ಓಡಿದ್ದನ್ನು ಅಷ್ಟು ಖಾರವಾಗಿ ಬರೆದವಳು ತಾನೇ ಅಲ್ಲವೇ?

ಕೊನೆಗೆ ಸಂಕಪ್ಪನನ್ನು ಕೇಳಿದಳು. ಅವನು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ.

“ತೆಮುಜಿನ್ ಅವಳ ಹತ್ತಿರ ಏನು ಕೇಳಿದ?” ಎಂದ.

“ಏನೂ ಕೇಳಲಿಲ್ಲ.”

“ಮತ್ತೆ?” ಎಂದು ಚಕ್ರ ತಿರುಗಿಸಿ ನೋಡಿದ. ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಜೂನ್ ತಿಂಗಳ ಭಾನುವಾರ ಬಂತು. ತೊಟ್ಟಿಲು ಬೇಡ ಎಂದು ರುದ್ರಪ್ಪ ಹೇಳಿದ್ದರೂ ಅನಸೂಯಮ್ಮ ಎರಡು ಕುರ್ಚಿಗಳ ನಡುವೆ ಸೀರೆಯ ಜೋಲಿ ಕಟ್ಟಿದ್ದರು. ಲೆಕ್ಕ ಸರಿಯಾಗುತ್ತದೆಂದು ಅವರಿಗೆ ನಂಬಿಕೆ. ಹರಿವಾಣದಲ್ಲಿ ಅಕ್ಕಿ, ಪಕ್ಕದಲ್ಲಿ ಅವರ ಗುಂಡುಕಲ್ಲು. ಚಟ್ನಿ ಅರೆಯುವ ಆ ಕಲ್ಲನ್ನು ಮೈಸೂರಿನಿಂದ ಕೈಚೀಲದಲ್ಲಿ ತಂದಿದ್ದರು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಹತ್ತು ನಿಮಿಷ ತಿರುಗಿಸಿ ನೋಡಿದ್ದನಂತೆ. ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಇಡುವುದು ಅವರ ಕಡೆಯ ಪದ್ಧತಿ. ಇಲ್ಲಿ ಮಗುವೇ ಇರಲಿಲ್ಲವಾದ್ದರಿಂದ ಕಲ್ಲೇ ಮಗು.

ರಾಜೀವಿಯ ಚೀಲದಲ್ಲಿ ಎರಡೂ ಪ್ರತಿಗಳಿದ್ದವು. ಓದಲು ನಿಂತವಳು ಮೊದಲನೆಯದನ್ನು ಹೊರಗೆಳೆದಳು. ಎದುರಿಗೆ ರುದ್ರಪ್ಪ ಕಾಲ ಮೇಲೆ ಕಾಲು ಹಾಕಿ ಕೂತು, ತಪ್ಪು ತಿದ್ದಿಸಿದ ಮೇಷ್ಟರ ಗತ್ತಿನಲ್ಲಿ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯೇ ಕೆಲಸ ಕೆಡಿಸಿದ್ದು. ಅವಳಿಗೆ ಮೈಯೆಲ್ಲ ಉರಿದು, ಆ ಪ್ರತಿಯನ್ನು ಮಡಚಿ ಒಳಗೆ ತುರುಕಿ ಇನ್ನೊಂದನ್ನು ತೆಗೆದಳು. ಓದಿದಳು. ತೆಮುಜಿನ್ ಮಗುವನ್ನು ಎತ್ತಿಕೊಂಡ, ಯಾರದ್ದೆಂದು ಕೇಳಲಿಲ್ಲ, ಜೋಚಿ ಎಂದು ಹೆಸರಿಟ್ಟ. ನನ್ನ ಹಿರಿಯ ಮಗ ಎಂದ. ಮುಗಿಯಿತು.

ಅನಸೂಯಮ್ಮ ಅಕ್ಕಿಯ ಹರಿವಾಣವನ್ನೂ ಜೋಲಿಯನ್ನೂ ನೋಡಿದರು. ಅವರಿಗೆ ಮನಸ್ಸು ಒಪ್ಪಿರಲಿಲ್ಲ, ಆದರೆ ಕಟ್ಟಿದ ತೊಟ್ಟಿಲನ್ನು ತೂಗದೆ ಬಿಚ್ಚುವುದು ಅಶುಭ.

“ಹೆಸರು ಬರೆಯೋಕೆ ತಂದೆ ಕೂತ್ಕೋಬೇಕಲ್ಲ” ಎಂದರು. “ಗಂಡಿನ ಕಡೆಯವರು ನೀವೇ ಅಲ್ವಾ, ರುದ್ರಪ್ಪನವರೇ?”

ರುದ್ರಪ್ಪ ತಾನು ಕೂರುವುದಿಲ್ಲ, ಲೆಕ್ಕವಿಲ್ಲದ ಕೂಸಿಗೆ ತನ್ನ ಕಡೆಯವರು ಯಾರೂ ಕೂರುವುದಿಲ್ಲ ಎಂದ. ಗಂಡಿನ ಕಡೆಯ ಹದಿನಾರೂ ಜನ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ರಾಜೀವಿ ಕಾಗದ ಹಿಡಿದು ನಿಂತೇ ಇದ್ದಳು. ಅಪ್ಪನ ಜಾಗ ಖಾಲಿ ಇರುವ ಹರಿವಾಣವನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು.

ಆಗ ಹೆಣ್ಣಿನ ಕಡೆಯ ಕೊನೆಯ ಸಾಲಿನಿಂದ ಸಂಕಪ್ಪ ಎದ್ದ. ತಟ್ಟೆಯಲ್ಲಿ ಉಳಿದಿದ್ದ ಹಪ್ಪಳವನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಬಂದು, ಹರಿವಾಣದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಬೆರಳಿನಿಂದ ಉಂಗುರ ಬಿಚ್ಚಿದ.

“ಮಂದಿ ಕೂಸಿಗೆ ನೀವ್ಯಾಕ ಅಪ್ಪ ಆಗ್ತೀರಿ, ಸಂಕಪ್ಪ?” ಎಂದು ರುದ್ರಪ್ಪ ನಕ್ಕ.

“ನನಗೆ ಅಭ್ಯಾಸ ಉಂಟು” ಎಂದ ಸಂಕಪ್ಪ. “ಸಂಪ್ರೀತಾಳಿಗೂ ನಾನು ಹೀಗೇ ಕೂತು ಬರೆದದ್ದು. ಆಗ ಅವಳಿಗೆ ಎರಡು ವರ್ಷ. ನಾನು ಅವಳ ಅಮ್ಮನನ್ನು ಮದುವೆಯಾಗಿ ಒಂದು ದಿನ.”

ರುದ್ರಪ್ಪನ ಬಲಗೈ ಅಭ್ಯಾಸಬಲದಿಂದ ಮೇಲಕ್ಕೆ ಬಂದದ್ದು, ಅಲ್ಲೇ ನಿಂತು, ಕುತ್ತಿಗೆ ಕೆರೆದುಕೊಂಡು ಕೆಳಗಿಳಿಯಿತು. ರಾಜೀವಿ ಮಾತ್ರ ಯಾರನ್ನೂ ನೋಡಲಿಲ್ಲ, ಮೂಲೆಯ ಕಡೆ ನೋಡಿದಳು. ಆರು ವರ್ಷದಿಂದ ಹೆದರಿದ್ದ ಗಳಿಗೆ ಬಂದಿತ್ತು, ಓಡಲು ಬೆಟ್ಟವಿರಲಿಲ್ಲ.

ಸಂಪ್ರೀತಾ ಬಣ್ಣದ ಪೆನ್ಸಿಲ್ ಕೆಳಗಿಟ್ಟು ಬಂದಳು. ಸಂಕಪ್ಪನ ಹೆಗಲಿಗೆ ಗಲ್ಲ ಊರಿ, ಅವನು ಅಕ್ಕಿಯಲ್ಲಿ ಬರೆದ ಎರಡಕ್ಷರವನ್ನು ನೋಡಿದಳು. ಬಳಗದ ಎದುರಿಗೆ ಎಂದೂ ಕನ್ನಡ ಆಡದವಳು ಅಂದು ಕನ್ನಡದಲ್ಲೇ ಕೇಳಿದಳು.

“ಅಪ್ಪ, ನಂದು ಬರೆದಾಗ ಅಕ್ಕಿ ಜಾಸ್ತಿ ಬೇಕಾಗಿತ್ತು ಅಂದಿದ್ರಲ್ಲ?”

“ಹೌದು” ಎಂದ ಸಂಕಪ್ಪ. “ಎರಡು ಸೇರು.”

ದಿನಕ್ಕೆ ಹತ್ತೇ ಮಾತಿನ ಈ ಮನುಷ್ಯ ಉಳಿದ ಮಾತುಗಳನ್ನೆಲ್ಲ ಬೆಳಿಗ್ಗೆ ಸೈಕಲ್ಲಿನಲ್ಲಿ ಯಾರಿಗೆ ಹೇಳಿ ಮುಗಿಸುತ್ತಿದ್ದ ಎಂಬುದು ರಾಜೀವಿಗೆ ಆಗ ತಿಳಿಯಿತು. ಹೆದರಿದ್ದವಳು ಅವಳೊಬ್ಬಳೇ. ಅಪ್ಪ ಮಗಳಿಬ್ಬರೂ ಆ ಕತೆಯನ್ನು ಯಾವತ್ತೋ ಓದಿ ಮುಗಿಸಿದ್ದರು. ಅವಳು ಕೈಯಲ್ಲಿದ್ದ ಹಾಳೆಗಳಿಂದ ಮುಖ ಮುಚ್ಚಿಕೊಂಡು ಅತ್ತಳು, ಮೂಗಿನಿಂದ ಸೊರ್ ಎಂದು ಸದ್ದು ಬರುವಷ್ಟು ಜೋರಾಗಿ ಅತ್ತಳು.

ಅನಸೂಯಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ಗುಂಡುಕಲ್ಲನ್ನು ಎತ್ತಿದರು. ಜೋಲಿಯಲ್ಲಿ ಮಲಗಿಸಿದರು. ರುದ್ರಪ್ಪನ ಕಡೆ ತಿರುಗಿ, ಸೀರೆಯ ಆ ತುದಿ ಜಾರುತ್ತಿದೆ, ಬಂದು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದರು. ಅವನು ಬಂದು ಹಿಡಿದುಕೊಂಡ.